ಚೌತಿಯ ಸಂಜೆ ಚಂದ್ರಲೋಕಕ್ಕೆ

ಅಪ್ಪನ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಬರವಣಿಗೆ. ಒಂದು ಸಾಹಿತ್ಯ, ಇನ್ನೊಂದು ಸುಳ್ಳು. ನಾನು ಬರೆಯುತ್ತಿದ್ದದ್ದು ಎರಡನೆಯದು. ಇದಕ್ಕೆ ವಿಜ್ಞಾನಕಥೆ ಅನ್ನುತ್ತಾರೆ, ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ದೊಡ್ಡ ದೊಡ್ಡ ಓದು ಓದಿದವರೇ ಬರೆಯುತ್ತಾರೆ ಎಂದು ನಾನು ಎಷ್ಟು ಹೇಳಿದರೂ ಅವರು ತಕ್ಕಡಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಔರಂಗಾಬಾದಿನಲ್ಲಿ ಅವರದು ಬೇಳೆಯ ಅಂಗಡಿ. ಈಗ ಆ ಊರು ಛತ್ರಪತಿ ಸಂಭಾಜಿನಗರ, ಆಗ ನಮಗೆಲ್ಲ ಔರಂಗಾಬಾದೇ. ಬೀದರಿನ ಕಡೆಯಿಂದ ತೊಗರಿ ತರಿಸಿ ಮಾರುತ್ತಿದ್ದರು. ಅರ್ಧ ಊರು ಅವರ ಬೇಳೆ ಬೇಯಿಸಿ ಉಣ್ಣುತ್ತಿತ್ತು, ಅವರ ಮುಂದೆ ನನ್ನ ಬೇಳೆ ಮಾತ್ರ ಬೇಯುತ್ತಿರಲಿಲ್ಲ.

"ಆಗಿದ್ದು ಬರದ್ರ ಸಾಹಿತ್ಯ, ಆಗಲಾರದ್ದು ಬರದ್ರ ಸುಳ್ಳು. ಇದರಾಗ ತಿಳಿಲಾರದ್ದು ಏನದ?" ಎನ್ನುತ್ತಿದ್ದರು.

"ಹಂಗಾದ್ರ ಪುರಾಣಾ?"

"ಪುರಾಣ ಆಗ್ಯದ. ನೀ ನೋಡಿಲ್ಲ, ಅಷ್ಟೇ."

ಅಪ್ಪ ನಿಜಾಮನ ಕಾಲದಲ್ಲಿ ಉರ್ದು ಶಾಲೆಗೆ ಹೋದವರು. ಕನ್ನಡ ಅವರಿಗೆ ತಾಯಿಯ ಬಾಯಿಂದ ಬಂದದ್ದು, ವಚನಗಳ ಜೊತೆಗೆ. ಅಕ್ಷರವನ್ನು ದೊಡ್ಡವರಾದ ಮೇಲೆ ತಾವೇ ಕಲಿತು, ಅಂಗಡಿ ಮುಚ್ಚಿದ ಮೇಲೆ ಕೈಗೆ ಸಿಕ್ಕ ಕನ್ನಡ ಪುಸ್ತಕವನ್ನೆಲ್ಲ ಬೆರಳಿಟ್ಟುಕೊಂಡು ಓದುತ್ತಿದ್ದರು. ಕಷ್ಟಪಟ್ಟು ಗಳಿಸಿದ ಭಾಷೆಯಾದ್ದರಿಂದ ಅದರಲ್ಲಿ ಯಾರಾದರೂ ಹುಡುಗಾಟ ಆಡಿದರೆ ಅವರು ಸಹಿಸುತ್ತಿರಲಿಲ್ಲ. ಸಾಹಿತ್ಯಕ್ಕೆ ಅವರದೇ ಒಂದು ಪರೀಕ್ಷೆಯೂ ಇತ್ತು. "ಪುಸ್ತಕ ಮುಚ್ಚಿದ ಮ್ಯಾಲ ಅದರೊಳಗಿನ ಮಂದಿ ಎದ್ದು ನಮ್ಮ ಮನಿಗಿ ಬರಬೇಕು ನೋಡವ್ವಾ. ನಾ ಊಟಕ್ಕ ಕುಂತಾಗ, ಅವರದು ಊಟ ಆತೊ ಇಲ್ಲೊ ಅಂತ ನನಗ ಅನಸಬೇಕು. ನಿನ್ನ ರಾಕೆಟ್ಟಿನ ಮಂದಿ ಯಾವತ್ತರ ನಮ್ಮ ಮನಿಗಿ ಬಂದಾರೇನು?"

ಬಂದಿರಲಿಲ್ಲ. ಅದೇ ನನ್ನ ಸಂಕಟ. ಪತ್ರಿಕೆಯವರು ಕಥೆ ವಾಪಸು ಕಳಿಸಿದರೆ ಎರಡು ಬೈಗುಳ ಬೈದು ಸುಮ್ಮನಾಗುತ್ತಿದ್ದೆ. ಅಪ್ಪ ಒಂದೇ ಒಂದು ಸಲ, "ಬರದದ್ದು ಛಲೋ ಅದ" ಎಂದರೆ ಸಾಕು ಎಂಬ ಹಟ ಮಾತ್ರ ಮದುವೆಯಾಗಿ ಮಗುವಾದರೂ ಹೋಗಲಿಲ್ಲ.

ಈ ಹುಚ್ಚು ನನಗೆ ಹತ್ತಿದ್ದು ಮನ್ಮಾಡಿನಲ್ಲಿ. ನನ್ನ ಗಂಡ ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದರು. ನಾಸಿಕಕ್ಕೂ ತವರಿಗೂ ನಡುವೆ ಓಡಾಡಬೇಕೆಂದರೆ ಮನ್ಮಾಡಿನಲ್ಲಿ ದೊಡ್ಡ ಗಾಡಿ ಇಳಿದು ಸಣ್ಣ ಗೇಜಿನ ಗಾಡಿ ಹತ್ತಬೇಕು. ಆ ಎರಡು ಗಾಡಿಗಳು ಒಂದನ್ನೊಂದು ಕಾಯುವ ಸಂಸಾರ ಮಾಡಿದವಲ್ಲ. ಕಾಯುವವರು ನಾವೇ. ಅಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಪುಸ್ತಕದ ಒಂದು ತಳ್ಳುಗಾಡಿ ನಿಲ್ಲುತ್ತಿತ್ತು. ಹಳೆಯ ಇಂಗ್ಲಿಷ್ ಪುಸ್ತಕಗಳು, ಮುಖಪುಟದ ಮೇಲೆ ಹಸಿರು ಬಣ್ಣದ ಒಂದು ಪ್ರಾಣಿ, ಅದರ ಕೈಯಲ್ಲಿ ಅರೆಬರೆ ಬಟ್ಟೆಯ ಒಬ್ಬ ಹೆಂಗಸು. ಇಂಥದನ್ನು ತವರಿಗೆ ಒಯ್ಯುವುದು ಹೇಗೆ? ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯ ಚಿತ್ರ ಹರಿದು ರಟ್ಟು ಹಾಕುತ್ತಿದ್ದೆ.

ಒಮ್ಮೆ ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ತೆರೆದರು. ಒಳಗಿನ ಚಿತ್ರವನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ಮೂರು ಕಣ್ಣು ಅಂದ್ರ ಶಿವನಿಗಿ ಮಾತ್ರ. ಈ ಹಸರಿನಾಂವ ಯಾರು?" ಎಂದರು. ನಾನು ಮಂಗಳ ಗ್ರಹದವನು ಎಂದೆ. ಲಕ್ಷ್ಮಿಯ ರಟ್ಟನ್ನು ಬಿಚ್ಚಿ ದೇವರ ಮಾಡದಲ್ಲಿಟ್ಟು, ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಎರಡು ದಿನ ಆ ವಿಷಯ ಎತ್ತಲಿಲ್ಲ, ಬೈದಿದ್ದರೇ ವಾಸಿಯಿತ್ತು.

ಮರಾಠಿಯ ದೀಪಾವಳಿ ಸಂಚಿಕೆಗಳಲ್ಲೂ ಆಗ ವಿಜ್ಞಾನಕಥೆಗಳು ಬರುತ್ತಿದ್ದವು. ನಮ್ಮ ವಸಾಹತಿನಲ್ಲಿ ಒಂದು ಸಂಚಿಕೆ ಹತ್ತು ಮನೆ ತಿರುಗಿ, ಚಕ್ಕುಲಿಯ ಎಣ್ಣೆ ಮೆತ್ತಿಕೊಂಡು ನನ್ನ ಕೈಗೆ ಬರುವುದು. ಅದರಲ್ಲಿ ಒಬ್ಬ ಪ್ರಾಧ್ಯಾಪಕ ಇದ್ದೇ ಇರುತ್ತಿದ್ದ, ಅವನ ಕೋಣೆಯಲ್ಲಿ ಒಂದು ಯಂತ್ರ. ಓದುತ್ತ ಓದುತ್ತ ನನಗೆ ಒಂದು ವಿಷಯಕ್ಕೆ ಮೈ ಉರಿಯತೊಡಗಿತು. ಇಂಗ್ಲಿಷ್ ಕಥೆಯ ಹೆಂಗಸು ಕಿರುಚುತ್ತಾಳೆ, ಮರಾಠಿ ಕಥೆಯ ಹೆಂಗಸು ಚಹಾ ತರುತ್ತಾಳೆ. ಇನ್ನೂ ನೂರು ವರ್ಷ ಮುಂದಿನ ಕಾಲ ಅಂತೀರಿ, ನಕ್ಷತ್ರಕ್ಕೆ ಹೋಗಿ ಬರ್ತೀರಿ, ಅಲ್ಲೂ ಚಹಾ ನಾವೇ ಮಾಡಬೇಕೇ? ಕಿರುಚದ, ಚಹಾ ತರದ ಒಬ್ಬ ಹೆಂಗಸನ್ನು ಚಂದ್ರಲೋಕಕ್ಕೆ ಕಳಿಸಿಯೇ ತೀರುತ್ತೇನೆ ಎಂದು ನಿಶ್ಚಯಿಸಿದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಒಂದೆರಡು ವರ್ಷವಾಗಿತ್ತು, ದಾರಿ ಹೇಗೂ ಆಗಿತ್ತು.

ಕಳಿಸಲು ನನಗೆ ಸಿಕ್ಕ ವಾಹನ ನಾಸಿಕದ ನಮ್ಮ ಕನ್ನಡ ಸಂಘ. ಅದರಲ್ಲಿ ಅರ್ಧ ಜನ ಕರಾವಳಿಯ ಹೋಟೆಲಿನವರು, ಅರ್ಧ ನಮ್ಮ ಹಾಗೆ ಬೀದರ, ಕಲಬುರ್ಗಿ ಕಡೆಯ ನೌಕರಿಯವರು. ನಾವು ಅವರ ಕನ್ನಡಕ್ಕೆ ನಗುವುದು, ಅವರು ನಮ್ಮ ಕನ್ನಡಕ್ಕೆ ನಗುವುದು, ನಮ್ಮೆಲ್ಲರ ಮಕ್ಕಳು ಒಂದು ಮೂಲೆಯಲ್ಲಿ ಕೂತು ಮರಾಠಿಯಲ್ಲಿ ನಮಗೆ ನಗುವುದು. ಗಣೇಶ ಚೌತಿಯ ಸಂಜೆ ಪಂಚವಟಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಛತ್ರದಲ್ಲಿ, ಸಂಘದ ನಾಟಕ, ನಾಟಕದ ನಂತರ ಊಟ. ನಾಟಕ ಪ್ರತಿ ವರ್ಷ ಪೌರಾಣಿಕವೇ. ಅದೇ ಕಿರೀಟ, ಅದೇ ಗದೆ, ಗದೆಯೊಳಗಿನ ಹತ್ತಿ ಮಾತ್ರ ವರ್ಷ ವರ್ಷ ಹೊರಗೆ ಬರುತ್ತಿತ್ತು.

ಅಧ್ಯಕ್ಷರು ದೊಡ್ಡ ಹೋಟೆಲಿನ ಯಜಮಾನರು. ಈ ಸಲ ವಿಜ್ಞಾನ ನಾಟಕ ಆಡೋಣ ಎಂದು ನಾನು ಸಭೆಯಲ್ಲಿ ಎದ್ದು ಹೇಳಿದಾಗ ಅವರು ಅನುಮಾನದಿಂದ ನೋಡಿದರು. ನನ್ನ ಗಂಡ ವಿಮಾನ ಕಾರ್ಖಾನೆಯವರು ಎಂದು ಗೊತ್ತಾದ ಮೇಲೆ ಮುಖ ಅರಳಿತು. ವಿಮಾನದವರ ಹೆಂಡತಿಗೆ ರಾಕೆಟ್ಟಿನ ಗುಟ್ಟು ಗೊತ್ತಿರದೇ ಇರುತ್ತದೆಯೇ? ನಮ್ಮ ಮನೆಯವರು ಬಿಡಿಸುತ್ತಿದ್ದದ್ದು ವಿಮಾನದ ಬಾಲದ ಒಂದು ಚೂರಿನ ನಕ್ಷೆ. ಅದನ್ನು ನಾನು ಹೇಳಲು ಹೋಗಲಿಲ್ಲ.

ನಾಟಕ ಓದಿ ಹೇಳಿದೆ. ಎರಡು ಸಾವಿರದ ಇಸವಿ. ಒಬ್ಬ ಕ್ಯಾಪ್ಟನ್, ಒಬ್ಬ ವಿಜ್ಞಾನಿ, ಒಬ್ಬಳು ಹುಡುಗಿ ಚಂದ್ರಲೋಕಕ್ಕೆ ಹೋಗುತ್ತಾರೆ. ಗಂಡಸರಿಬ್ಬರೂ ಅಲ್ಲಿನ ಕಲ್ಲು ಆರಿಸಿ ರಾಕೆಟ್ಟಿನಲ್ಲಿ ತುಂಬುತ್ತಾರೆ. ಭಾರ ಹೆಚ್ಚಾಗುತ್ತದೆ. ಅಲ್ಲಿ ನೆಟ್ಟ ವಾಯರ್‌ಲೆಸ್ ನೋಡಿಕೊಳ್ಳಲು ಒಬ್ಬರು ಇರಲೇಬೇಕು. ನಾನಿರುತ್ತೇನೆ, ಮುಂದಿನ ರಾಕೆಟ್ ಬರಲಿ ಎಂದು ಹುಡುಗಿ ಉಳಿಯುತ್ತಾಳೆ. ಕಲ್ಲಿಗೆ ಜಾಗವಿತ್ತು, ಹುಡುಗಿಗೆ ಇರಲಿಲ್ಲ. ಇದನ್ನು ಬೇಕೆಂದೇ ಬರೆದಿದ್ದೆ, ಸಭೆಯಲ್ಲಿ ಒಬ್ಬ ಗಂಡಸಿಗೂ ಇದು ಚುಚ್ಚಲಿಲ್ಲ.

ಅಧ್ಯಕ್ಷರಿಗೆ ಚುಚ್ಚಿದ್ದು ಬೇರೆ. ನನ್ನ ನಾಟಕದವರು ಊಟಕ್ಕೆ ಬದಲು ಗುಳಿಗೆ ನುಂಗುತ್ತಿದ್ದರು. ನಾನು ಓದಿದ ಎಲ್ಲ ಕಥೆಗಳಲ್ಲೂ ಮುಂದಿನ ಕಾಲದವರು ಗುಳಿಗೆಯನ್ನೇ ನುಂಗುತ್ತಿದ್ದರು.

"ಎಂತ ಅಮ್ಮ ಇದು? ಎರಡು ಸಾವಿರದ ಇಸವಿಯಲ್ಲಿ ಜನ ಗುಳಿಗೆ ತಿನ್ನುದಾ? ಹಾಗಾದ್ರೆ ನಮ್ಮ ಹೋಟೆಲುಗಳು?"

"ಅದು ಕಲ್ಪನೆರೀ."

"ಇಂಥ ಕಲ್ಪನೆ ಯಾಕೆ ಮಾಡುದು? ಗುಳಿಗೆ ತಿನ್ನುವವರ ನಾಟಕ ನೋಡಿದವರಿಗೆ ನಾನು ಪಾಯಸ ಬಡಿಸುದಾ?"

ಬಹಳ ಚೌಕಾಸಿಯಾಯಿತು. ಕೊನೆಗೆ ಚಂದ್ರಲೋಕಕ್ಕೆ ಇಡ್ಲಿ ಹೋಗುವುದೆಂದು ತೀರ್ಮಾನವಾಯಿತು. ಹುಡುಗಿ ಪ್ಯಾಂಟು ಹಾಕುವುದು ಬೇಡ ಎಂದು ಅವಳ ತಾಯಿ ಹಟ ಹಿಡಿದರು. ನಾಸಿಕದಲ್ಲೇ ಹುಟ್ಟಿ ಬೆಳೆದ ಆ ಕಾಲೇಜು ಹುಡುಗಿಗೆ ಪ್ಯಾಂಟೂ ಸರಿ, ಸೀರೆಯೂ ಸರಿ, ಕನ್ನಡ ಮಾತ್ರ ಕಷ್ಟ. ಆದ್ದರಿಂದ ಯೇವಲೆಯ ರೇಷ್ಮೆ ಸೀರೆ, ಮೇಲೆ ರೇನ್‌ಕೋಟು. ಕ್ಯಾಪ್ಟನ್ನಿನ ಪಾತ್ರ ಒಂದು ಬ್ಯಾಂಕಿನ ಗುಮಾಸ್ತರದು. ಅವರ ತಲೆಗೆ ಹೋಟೆಲಿನ ಸಾಂಬಾರಿನ ಬಕೇಟು, ಕಣ್ಣಿನ ಹತ್ತಿರ ಒಂದು ಕಿಟಕಿ ಕತ್ತರಿಸಿದ್ದು. ರಾಕೆಟ್ ಎಂದರೆ ಹೋಟೆಲಿನ ಖಾಲಿ ಎಣ್ಣೆ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಬೆಳ್ಳಿ ಕಾಗದ ಸುತ್ತಿದ್ದು. ಚಂದ್ರನನ್ನು ನಮ್ಮ ಮನೆಯವರು ಮಾಡಿದರು. ದೊಡ್ಡ ಬಿಳಿ ಬಟ್ಟೆಯ ಮೇಲೆ ಅಳತೆ ಹಿಡಿದು ಗುಳಿ, ಬೆಟ್ಟ ಎಲ್ಲ ಬಿಡಿಸಿ, ಹಿಂದೆ ಬಲ್ಬುಗಳನ್ನು ಕೂಡಿಸಿದರು. ಮದುವೆಯಾದಾಗಿನಿಂದ ಅವರು ನನಗಾಗಿ ಅಷ್ಟು ಮನಸ್ಸಿಟ್ಟು ಮಾಡಿದ ಇನ್ನೊಂದು ಕೆಲಸ ನನಗೆ ನೆನಪಿಲ್ಲ.

ನಾಟಕಕ್ಕೆ ಅಪ್ಪನನ್ನು ಕರೆದೆ. "ನಾಟಕ ನೋಡಲಾಕ ಬರಲಾಕತ್ತಿಲ್ಲ, ಮಮ್ಮಗನ್ನ ನೋಡಲಾಕ ಬರಲಾಕತ್ತೀನಿ" ಎಂದು ಬಂದ ಕೂಡಲೇ ಸ್ಪಷ್ಟಪಡಿಸಿದರು. ಬರಲಿ, ಯಾವ ನೆಪಕ್ಕಾದರೂ ಬರಲಿ. ಆ ಹುಡುಗಿಯನ್ನು ಅವರ ಮನೆಗೆ ಕಳಿಸದಿದ್ದರೆ ನಾನು ಇನ್ನು ಬರೆಯುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ಆಣೆ ಮಾಡಿಕೊಂಡಿದ್ದೆ.

ಚೌತಿಯ ಸಂಜೆ ಜನ ಬರತೊಡಗಿದರು. ಮಳೆ ಇರಲಿಲ್ಲ, ಆದರೂ ಎಷ್ಟೋ ಜನ ಛತ್ರಿ ಹಿಡಿದು, ತಲೆ ತಗ್ಗಿಸಿ, ನೆಲ ನೋಡುತ್ತ ಬಂದರು. ಯಾಕೆಂದು ಹೇಳಬೇಕಾಗಿಲ್ಲ. ಚೌತಿಯ ದಿನ ಚಂದ್ರನನ್ನು ಕಂಡರೆ ಇಲ್ಲದ ಅಪವಾದ ತಲೆಗೆ ಬರುತ್ತದೆ. ಆಕಾಶದ ಕಡೆ ಕಣ್ಣು ಹೋಗದಿರಲಿ ಎಂದು ಛತ್ರಿ. ನಾನು ಬಾಗಿಲಲ್ಲಿ ನಿಂತು ಆ ಛತ್ರಿಗಳನ್ನೆಲ್ಲ ನನ್ನ ಕೈಯಾರೆ ಈಸಿಕೊಂಡು ಮೂಲೆಯಲ್ಲಿಟ್ಟೆ. ಆಗಲೂ ನನಗೆ ಹೊಳೆಯಲಿಲ್ಲ. ತಿಂಗಳುಗಟ್ಟಲೆ ತಾಲೀಮು ಮಾಡಿದ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮೆಲ್ಲರ ತಲೆಯಲ್ಲಿ ಇಬ್ಬರು ಚಂದ್ರರಿದ್ದರು, ಪಂಚಾಂಗದವನು ಒಬ್ಬ, ಪೇಪರಿನವನು ಒಬ್ಬ. ಇಬ್ಬರೂ ಒಬ್ಬನೇ ಎಂದು ಗೊತ್ತಾಗಲು ಪರದೆ ಏಳಬೇಕಾಯಿತು.

ಪರದೆ ಎದ್ದಿತು. ಕತ್ತಲ ಹಿನ್ನೆಲೆಯಲ್ಲಿ ನಮ್ಮ ಮನೆಯವರ ಚಂದ್ರ ಹಾಲಿನಂತೆ ಹೊಳೆಯಿತು. ನಾನು ರಂಗದ ಪಕ್ಕದಲ್ಲಿ ನಿಂತು ಚಪ್ಪಾಳೆಗೆ ಕಾಯುತ್ತಿದ್ದೆ. ಬಂದದ್ದು ಚೀತ್ಕಾರ. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರ ತಾಯಿ ಸೆರಗನ್ನು ಮುಖದ ಮೇಲೆಳೆದುಕೊಂಡು, "ಅಯ್ಯೋ ದೇವ್ರೇ, ಚೌತಿ ಚಂದ್ರ! ಕಣ್ಣು ಮುಚ್ಚಿ, ಎಲ್ಲ ಕಣ್ಣು ಮುಚ್ಚಿ!" ಎಂದು ಕೂಗಿದರು. ಹೆಂಗಸರ ಸೆರಗುಗಳೆಲ್ಲ ಒಟ್ಟಿಗೆ ಮೇಲೆದ್ದವು. ಗಂಡಸರು ಟವೆಲು, ಟೋಪಿ, ಪಕ್ಕದ ಮಗು, ಕೈಗೆ ಸಿಕ್ಕಿದ್ದರಿಂದ ಮುಖ ಮುಚ್ಚಿಕೊಂಡರು. ಯಾರೋ ಛತ್ರಿ ಕೇಳಿದರು.

ಪರದೆ ಬಿತ್ತು. ಒಳಗೆ ಸಭೆ ಸೇರಿತು. ಪೂಜೆಗೆ ಬಂದಿದ್ದ ಭಟ್ಟರನ್ನು ಕರೆತಂದು ರಂಗದ ಹಿಂದೆ ನಿಲ್ಲಿಸಿದರು.

"ಬರೆದ ಚಂದ್ರನಿಗೂ ದೋಷ ಉಂಟಾ ಭಟ್ರೆ?" ಅಧ್ಯಕ್ಷರು ಕೇಳಿದರು.

ಭಟ್ಟರು ಚಂದ್ರನಿಗೆ ಬೆನ್ನು ಮಾಡಿ ಯೋಚಿಸಿದರು. "ಹಾಲಿನಲ್ಲಿ ಬಿದ್ದ ನೆರಳು ಕಂಡದ್ದಕ್ಕೆ ಸಾಕ್ಷಾತ್ ದೇವರಿಗೇ ಅಪವಾದ ತಪ್ಪಲಿಲ್ಲ. ಬಟ್ಟೆ ಮೇಲೆ ಬರೆದದ್ದಕ್ಕೆ ಶಾಸ್ತ್ರದಲ್ಲಿ ಎಂತದೂ ಹೇಳಿದ ಹಾಗಿಲ್ಲ. ಹೇಳದೇ ಇದ್ದಾಗ ಕಣ್ಣು ಮುಚ್ಚಿಕೊಂಡ್ರೆ ನಷ್ಟ ಏನಿಲ್ಲ."

"ಹಾಗಾದ್ರೆ ಚಂದ್ರನ ಮೇಲೆ ಒಂದು ಬೆಡ್‌ಶೀಟು ಹಾಕುವ," ಎಂದರು ಅಧ್ಯಕ್ಷರು.

ನನಗೆ ಪಿತ್ತ ನೆತ್ತಿಗೇರಿತು. "ಚಂದ್ರನ್ನೇ ಮುಚ್ಚಿದ ಮ್ಯಾಲ ಚಂದ್ರಲೋಕಕ್ಕ ಯಾಕ ಹೋಗಬೇಕ್ರೀ? ಕಾಲ ಕೆಳಗಿನ ನೆಲಾನೂ ಚಂದ್ರನ ಅದ. ಅದಕ್ಕೇನ್ ಚಾಪಿ ಹಾಸ್ತೀರೇನು?"

ಅಷ್ಟರಲ್ಲಿ ಬಕೇಟಿನೊಳಗಿಂದ ಕ್ಯಾಪ್ಟನ್ನಿನ ಧ್ವನಿ ಬಂತು. "ನೋಡುದು ದೋಷ. ತುಳಿಯುದಕ್ಕೆ ದೋಷ ಇಲ್ಲ ಅಲ್ವಾ ಭಟ್ರೆ?"

ಇಲ್ಲ ಎಂದರು ಭಟ್ಟರು. ಹಾಗಾದರೆ ನಟರು ಚಂದ್ರನ ಮೇಲೆ ಚಂದ್ರನನ್ನು ನೋಡದೆ ನಡೆಯುವುದು, ಪ್ರೇಕ್ಷಕರು ಏನನ್ನೂ ನೋಡದೆ ಕೂರುವುದು ಎಂದಾಯಿತು. ಅಧ್ಯಕ್ಷರು ಪರದೆಯ ಮುಂದೆ ಹೋಗಿ ಕೈಮುಗಿದು, "ಮಹನೀಯರೇ, ಮಹಿಳೆಯರೇ, ಈ ನಾಟಕವನ್ನು ದಯಮಾಡಿ ಎಲ್ಲರೂ ಕಣ್ಣು ಮುಚ್ಚಿಕೊಂಡು ನೋಡಬೇಕಾಗಿ ವಿನಂತಿ" ಎಂದರು. ಊಟ ನಾಟಕದ ನಂತರವೇ ಇದ್ದದ್ದರಿಂದ ಯಾರೂ ಎದ್ದು ಹೋಗಲಿಲ್ಲ.

ಮತ್ತೆ ಪರದೆ ಎದ್ದಾಗ ನಾನು ಸಂದಿಯಿಂದ ಇಣುಕಿದೆ. ಸಾಲು ಸಾಲು ಜನ, ಒಂದು ಮುಖ ಕಾಣದು. ಎರಡನೆಯ ಸಾಲಿನಲ್ಲಿ ಅಪ್ಪ ಮಾತ್ರ ಮೊಣಕಾಲ ಮೇಲೆ ಕೈಯಿಟ್ಟು, ಕನ್ನಡಕ ಸರಿಮಾಡಿಕೊಂಡು, ನೆಟ್ಟಗೆ ಕೂತಿದ್ದರು. ಪಕ್ಕದವರು ಕಣ್ಣು ಮುಚ್ಚಿಕೊಂಡೇ, ನೀವೂ ಮುಚ್ಚಿಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದರು. ಅಪ್ಪ ಇಡೀ ಸಭೆಗೆ ಕೇಳುವಂತೆ ಹೇಳಿದರು, "ಶಿವನ ತಲಿಮ್ಯಾಲ ದಿನಾ ಚಂದ್ರ ಕುಂತಿರ್ತಾನ. ದಿನಾ ಮುಂಜಾನೆ ನಾ ಶಿವನಿಗಿ ಕೈ ಮುಗೀತೀನಿ. ಅಪವಾದ ಬರಾದಿದ್ರ ಇಷ್ಟೊತ್ತಿಗಿ ಬರಬೇಕಾಗಿತ್ತು."

ಇಷ್ಟು ಜನರಲ್ಲಿ ನಾಟಕವನ್ನು ಕಣ್ಣಾರೆ ನೋಡಲಿದ್ದವರು ಅವರೊಬ್ಬರೇ. ಬಲ್ಬಿನ ಬೆಳಕಿನಲ್ಲಿ ರಾಕೆಟ್ಟಿನ ಬೆಳ್ಳಿ ಕಾಗದ ಹರಿದು ಒಳಗಿನ ಡಬ್ಬಿಗಳು ಹಲ್ಲು ಕಿರಿಯುತ್ತಿದ್ದವು.

ರಾಕೆಟ್ ಇಳಿಯುವ ದೃಶ್ಯ. ದೀಪ ಕಡಿಮೆ ಮಾಡಿ, ನಮ್ಮ ಮನೆಯವರು ಪಕ್ಕದಲ್ಲಿ ನಿಂತು ಒಂದು ತಗಡು ಅಲುಗಾಡಿಸಿ ಗುಡುಗಿನ ಸದ್ದು ಮಾಡಬೇಕು. ಆ ಸದ್ದಿಗೆ ಕ್ಯಾಪ್ಟನ್ ಬಂದು ರಾಕೆಟ್ಟಿನ ಬಾಗಿಲಲ್ಲಿ ನಿಲ್ಲಬೇಕು. ತಗಡು ಅಲುಗಿತು. ಕ್ಯಾಪ್ಟನ್ ಬಂದರು. ದೋಷ ತಗಲಬಾರದೆಂದು ಕತ್ತನ್ನು ಹಿಂದಕ್ಕೆ ವಾಲಿಸಿ, ಬಕೇಟಿನ ಕಿಟಕಿಯಿಂದ ಮಾಳಿಗೆಯನ್ನೇ ನೋಡುತ್ತ, ಗಂಭೀರವಾಗಿ ಹೆಜ್ಜೆ ಹಾಕುತ್ತ ಬಂದು ಸೀದಾ ರಾಕೆಟ್ಟಿಗೆ ಗುದ್ದಿದರು.

ಅಷ್ಟು ಡಬ್ಬಿಗಳು ಒಮ್ಮೆಲೇ ಉರುಳಿದರೆ ಯಾವ ಸದ್ದು ಬರುತ್ತದೆ ಎಂದು ಹೋಟೆಲಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಕಟ್ಟಡ ನಡುಗಿತು. ಒಂದು ಡಬ್ಬಿ ರಂಗದಿಂದ ಹಾರಿ ಉರುಳುತ್ತ ಹೋಗಿ ಅಪ್ಪನ ಕಾಲ ಬುಡದಲ್ಲಿ ನಿಂತಿತು. ಕ್ಯಾಪ್ಟನ್ ಡಬ್ಬಿಗಳ ನಡುವೆ ಅಂಗಾತ ಬಿದ್ದಿದ್ದರು, ಆಗಲೂ ಮಾಳಿಗೆಯನ್ನೇ ನೋಡುತ್ತಿದ್ದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಮುಗಿಯಿತು ನನ್ನ ವಿಜ್ಞಾನ ಸಾಹಿತ್ಯ.

ಕೊನೆಯ ಡಬ್ಬಿಯ ಸದ್ದು ಅಡಗಿತು. ಆಮೇಲೆ ಕತ್ತಲೆಯಿಂದ ಅಧ್ಯಕ್ಷರ ತಾಯಿಯ ಭಕ್ತಿಪೂರ್ವಕ ಧ್ವನಿ. "ಇಳೀತು!"

ಚಪ್ಪಾಳೆ ಸಿಡಿಯಿತು. ಅಂಥ ಚಪ್ಪಾಳೆಯನ್ನು ನಮ್ಮ ಸಂಘ ಹಿಂದೆಂದೂ ಕೇಳಿರಲಿಲ್ಲ. ಕಣ್ಣು ಮುಚ್ಚಿದ ಜನಕ್ಕೆ ರಾಕೆಟ್ ಚಂದ್ರನ ಮೇಲೆ ಬಂದಿಳಿದದ್ದು ಕಿವಿಯಾರೆ ಕಂಡಿತ್ತು. ಹಿಂದಿನ ಸಾಲಿನಲ್ಲಿದ್ದ ನಮ್ಮ ಕಡೆಯವರು ಕಂಪನಿ ನಾಟಕದ ಚಾಳಿ ಬಿಡದವರು. "ವನ್ಸ್ ಮೋರ್!" ಎಂದು ಶುರು ಮಾಡಿದರು. ಇಡೀ ಸಭೆ ಕಣ್ಣು ಮುಚ್ಚಿಕೊಂಡು ವನ್ಸ್ ಮೋರ್ ಎಂದು ಕೂಗತೊಡಗಿತು.

ಪ್ರೇಕ್ಷಕರ ಮಾತು ಮೀರುವ ಹಾಗಿಲ್ಲ. ನಮ್ಮ ಮನೆಯವರು, ವಿಜ್ಞಾನಿ, ಹುಡುಗಿ, ಎಲ್ಲ ಸೇರಿ ಡಬ್ಬಿಗಳನ್ನು ಮತ್ತೆ ಪೇರಿಸಿದರು. ಒಂದು ಡಬ್ಬಿ ಕಡಿಮೆ ಬಿತ್ತು. ಅಪ್ಪ ಎದ್ದು, ತಮ್ಮ ಕಾಲ ಬುಡದ ಡಬ್ಬಿಯನ್ನು ಎತ್ತಿ, ಮೂಸಿ ನೋಡಿ, ರಂಗದ ಮೇಲೆ ಇಟ್ಟು ಹೋಗಿ ಕೂತರು. ಕ್ಯಾಪ್ಟನ್ ಮತ್ತೊಮ್ಮೆ ಬಂದು ಮತ್ತೊಮ್ಮೆ ಗುದ್ದಿದರು. ಈ ಸಲದ ಇಳಿಯುವಿಕೆ ಇನ್ನೂ ಚೆನ್ನಾಗಿತ್ತು ಎಂದು ಊಟದ ಹೊತ್ತಿನಲ್ಲಿ ಎಲ್ಲರೂ ಹೇ‍ಳಿದರು.

ಕೊನೆಯ ದೃಶ್ಯದ ಹೊತ್ತಿಗೆ ರಂಗದ ಮೇಲೆ ಉಳಿದದ್ದು ಚೆಲ್ಲಾಪಿಲ್ಲಿ ಡಬ್ಬಿಗಳು, ಅವುಗಳ ನಡುವೆ ರೇನ್‌ಕೋಟು ತೊಟ್ಟ ಹುಡುಗಿ, ಪಕ್ಕದಲ್ಲಿ ಒಂದು ಪಾತ್ರೆ ಇಡ್ಲಿ. ಕ್ಯಾಪ್ಟನ್ನೂ ವಿಜ್ಞಾನಿಯೂ ಕಲ್ಲು ಹೊತ್ತುಕೊಂಡು ಭೂಮಿಗೆ ಹೋಗಿಯಾಗಿತ್ತು. ಹುಡುಗಿ ವಾಯರ್‌ಲೆಸ್ಸಿನ ಮುಂದೆ ಕೂತು ಮಾತಾಡಿದಳು. "ಅವ್ವಾ" ಎನ್ನಬೇಕಾದಲ್ಲಿ ಗಾಬರಿಯಲ್ಲಿ ಅವಳ ಬಾಯಿಗೆ ಮರಾಠಿಯ "ಆಈ" ಬಂದುಬಿಟ್ಟಿತು.

"ಆಈ, ಕೇಳಸ್ತದೇನು? ಇಲ್ಲಿ ಗಾಳಿ ಇಲ್ಲ. ಸಪ್ಪಳ ಇಲ್ಲ. ನಮ್ಮ ಭೂಮಿ ಇಲ್ಲಿಂದ ಒಂದು ರೊಟ್ಟಿಯಷ್ಟು ಕಾಣ್ತದ. ಅದರಾಗ ನಮ್ಮ ಮನಿ ಎಲ್ಲಿ ಅದ ಅಂತ ಹುಡಕ್ತಾ ಕೂಡ್ತೀನಿ. ಇವತ್ತ ಮನ್ಯಾಗ ಏನ್ ಅಡಿಗಿ ಮಾಡೀರಿ?"

ಸೆರಗಿನೊಳಗೆ ಮೂಗು ಸೊರ್ ಎನ್ನುವ ಸದ್ದು ಅಲ್ಲಲ್ಲಿ ಕೇಳಿಸಿತು. ಕುಂದಾಪುರದಿಂದ, ಬೀದರದಿಂದ, ಎಲ್ಲೆಲ್ಲಿಂದಲೋ ಮದುವೆಯಾಗಿ ಈ ಊರಿಗೆ ಬಂದು ಬಿದ್ದ ಹೆಂಗಸರು ಅವರು. ಇದನ್ನು ಬರೆಯುವಾಗ ನಾನು ವಿಜ್ಞಾನ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ. ಆ ಸದ್ದು ಕೇಳಿ ನನಗೂ ಅಳು ಬಂತು, ಹೌದು, ನಾನೂ ಅತ್ತೆ.

ಆದರೆ ಅಪ್ಪ? ಅವರು ಊಟದಲ್ಲಿ ನನ್ನ ಕಡೆ ನೋಡಲಿಲ್ಲ. ಅಧ್ಯಕ್ಷರು ಕೈಯಾರೆ ಪಾಯಸ ಬಡಿಸಿದರು. ಅಪ್ಪ ಎರಡು ತುತ್ತು ಉಂಡು, ಉಳಿದದ್ದನ್ನು ಎಲೆಯಲ್ಲೇ ಬಿಟ್ಟು ಎದ್ದರು. ಅನ್ನ ಬಿಟ್ಟು ಏಳುವ ಮನುಷ್ಯರೇ ಅಲ್ಲ ಅವರು. "ಎಂತ, ಅಡಿಗೆ ಸರಿ ಆಗ್ಲಿಲ್ವಾ?" ಎಂದು ಅಧ್ಯಕ್ಷರು ಮುಖ ಸಣ್ಣ ಮಾಡಿದರು. ಅಡಿಗೆಯದಲ್ಲ, ನಾಟಕದ್ದು ಎಂದು ನನಗೆ ಗೊತ್ತಿತ್ತು. ಮಗಳು ಇಷ್ಟು ಜನರ ಮುಂದೆ ಡಬ್ಬಿ ಉರುಳಿಸಿದ್ದನ್ನು ನೋಡಿ ಅವರಿಗೆ ಅನ್ನ ಸೇರಲಿಲ್ಲ.

ಮರುದಿನ ಅವರನ್ನು ಔರಂಗಾಬಾದಿನ ಗಾಡಿ ಹತ್ತಿಸಲು ಮನ್ಮಾಡಿನವರೆಗೆ ಹೋದೆ. ಓಝರಿನಿಂದ ಹೊರಟಾಗಿನಿಂದ ಅವರು ಮಾತಾಡಿದ್ದೆಲ್ಲ ತೊಗರಿಯ ಪೈರಿನ ಬಗ್ಗೆ. ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಹ್ಯಾಂಗಿತ್ತು ಅಂತರ ಹೇಳ್ರಿ. ಬೈಯಾದಿದ್ರ ಬೈದುಬಿಡ್ರಿ."

ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. "ಏನ್ ಹೇಳಬೇಕವ್ವಾ. ಕಣ್ಣ ಮುಚ್ಚಿದವ್ರಿಗೆಲ್ಲಾ ಚಂದ್ರಲೋಕ ಕಾಣ್ತು. ನಾ ಒಬ್ಬಾಂವ ಶಾಣ್ಯಾ ಕಣ್ಣ ತಗದು ಕುಂತೆ. ನನಗ ಎಣ್ಣಿ ಡಬ್ಬಿ ಕಾಣ್ತು."

ಅಷ್ಟರಲ್ಲಿ ಗಾಡಿ ಬಂತು. ಅವರ ಚೀಲ ಒಳಗಿಟ್ಟು ಕಿಟಕಿಯ ಹತ್ತಿರ ನಿಂತೆ. ಸೀಟಿ ಊದಿದ ಮೇಲೆ ಅವರು ಕಿಟಕಿಯ ಸರಳಿಗೆ ಮುಖ ತಂದರು.

"ಅಲ್ಲವ್ವಾ, ಆ ಹುಡುಗಿ ಒಬ್ಬಾಕಿನೇ ಅಲ್ಲೇ ಉಳದಳಲ್ಲ. ಆ ಪಾತ್ರ್ಯಾಗಿನ ಇಡ್ಲಿ ಎಷ್ಟು ದಿನಾ ತಡೀತಾವ? ನಿನ್ನಿ ಊಟಕ್ಕ ಕುಂತಾಗ ಅದೇ ವಿಚಾರ ಬಂತು. ಗಂಟಲಾಗ ತುತ್ತ ಇಳೀಲಿಲ್ಲ ನೋಡು."

ಗಾಡಿ ಹೊರಟಿತು. ಅವರು ಕೈ ಹೊರಗೆ ಹಾಕಿ ಕೂಗಿದರು, "ಮುಂದಿನ ವರ್ಷ ಅಕಿಗಿ ಮನಿಗಿ ಕರಕೊಂಡು ಬಾ!"

ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಒಟ್ಟಿಗೇ ನಕ್ಕೆ, ಅತ್ತೆ. ಪುಸ್ತಕದ ಗಾಡಿಯವನು ಏನಾಯಿತು ತಾಯಿ ಎಂದು ಕೇಳಿದ. ನಮ್ಮ ಅಪ್ಪನ ಮನೆಗೆ ನೆಂಟರು ಬಂದಿದ್ದಾರೆ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಬರೆಯುವುದು ಬಿಡಲಿಲ್ಲ. ಹುಡುಗಿಯನ್ನು ಕರೆತರುವ ನಾಟಕ ಬರೆದೆ. ಈ ಸಲ ಸಂಘದವರೇ ಬೆನ್ನು ಹತ್ತಿ ಬರೆಸಿದರು. ಚೌತಿ ಬೇಡವೆಂದು ಮರುದಿನ ಪಂಚಮಿಯ ಸಂಜೆ ಗೊತ್ತುಮಾಡಿದರು, ಭಟ್ಟರನ್ನು ಮೊದಲೇ ಕೇಳಿ. ಅಪ್ಪ ನಾಟಕದ ಮುಂಚಿನ ದಿನವೇ ಬಂದರು, ಮೊಮ್ಮಗನ ನೆಪ ಹೇಳದೆ. ಕೈಯಲ್ಲಿ ದೊಡ್ಡ ಬುತ್ತಿಯ ಗಂಟು. ಮೊಮ್ಮಗ ಓಡಿ ಹೋಗಿ ಅದಕ್ಕೆ ಕೈ ಹಾಕಿದರೆ, "ಏ, ಮುಟ್ಟಬ್ಯಾಡ, ಅದು ಆ ಹುಡುಗೀದು" ಎಂದು ಗದರಿದರು. ನನ್ನ ಕಡೆ ತಿರುಗಿ, ವ್ಯಾಪಾರದ ಧ್ವನಿಯಲ್ಲಿ ಹೇಳಿದರು, "ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ನಿನ್ನ ರಾಕೆಟ್ಟಿನಾಗ ಇಡು. ಇಡ್ಲಿ ಹಳಸ್ತಾವ. ಇವು ಚಂದ್ರಗ ಹೋಗಿ ಬಂದ್ರೂ ಏನೂ ಆಗಂಗಿಲ್ಲ."

ಅಧ್ಯಕ್ಷರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ, "ಇಡ್ಲಿಯ ಪಕ್ಕ ಇರ್ಲಿ ಬಿಡಿ" ಎಂದರು. ಆ ಸಂಜೆ ಹುಡುಗಿ ರಂಗದ ಮೇಲೆ ಗಂಟು ಬಿಚ್ಚಿ ನಿಜವಾಗಿಯೂ ಉಣ್ಣಲು ಕೂತು, ಮಾತು ಮರೆತಳು.

ಆದರೆ ಅದಕ್ಕೆ ಮೊದಲು ರಾಕೆಟ್ ಇಳಿಯಬೇಕಿತ್ತು. ಹೋದ ವರ್ಷದ ಸದ್ದೇ ಆಗಬೇಕೆಂದು ಜನ ಹಟ ಹಿಡಿದದ್ದರಿಂದ ಡಬ್ಬಿಗಳನ್ನು ಬೇಕೆಂದೇ ಉರುಳಿಸುವುದಾಗಿತ್ತು. ಪಂಚಮಿಯಾದ್ದರಿಂದ ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದರು. ನಾನು ಸಂದಿಯಿಂದ ಇಣುಕಿದೆ. ಎರಡನೆಯ ಸಾಲಿನಲ್ಲಿ ಅಪ್ಪ ಒಬ್ಬರೇ ಕನ್ನಡಕ ತೆಗೆದು ಜೇಬಿನಲ್ಲಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದವರು ಮೆಲ್ಲಗೆ ಅವರ ಭುಜ ಮುಟ್ಟಿ, ನಿದ್ದೆ ಬಂತೇನು ಯಜಮಾನರೇ ಎಂದು ಕೇಳಿದರು.

"ಗಪ್ ಕೂಡ್ರಿ," ಎಂದರು ಅಪ್ಪ, ಕಣ್ಣು ತೆರೆಯದೆ. "ರಾಕೆಟ್ ಇಳೀಲಾಕತ್ತದ."